ಟ್ರಾಮ್ ಹಳಿ ಮುಗಿಯುವಲ್ಲಿ ಇದ್ದ ಐಡೋರಾ ಪಾರ್ಕ್

ಪ್ರಶ್ನೆ: ಹೋದ ವರ್ಷ ಮಗಳ ಮನೆಗೆ ಅಂತ ನ್ಯೂಜೆರ್ಸಿಗೆ ಹೋಗಿದ್ದೆ. ಒಂದು ಭಾನುವಾರ ಬ್ರೂಕ್ಲಿನ್ ಸೇತುವೆ ಹತ್ತಿರ, ನದಿ ದಂಡೆಯಲ್ಲಿ, ಗಾಜಿನ ಮನೆಯಂಥ ಕಟ್ಟಡದೊಳಗೆ ಒಂದು ಹಳೇ ಮೆರ್ರಿ-ಗೋ-ರೌಂಡ್ ನೋಡಿದೆವು. ಮೊಮ್ಮಗಳು ಮೂರು ಸಲ ಕೂತಳು. ಅದು ಓಹಾಯೋ ರಾಜ್ಯದ ಯಂಗ್ಸ್‌ಟೌನ್ ಊರಿನ ಐಡೋರಾ ಅನ್ನುವ ‘ಟ್ರಾಲಿ ಪಾರ್ಕ್’ನಿಂದ ಬಂದದ್ದು ಅಂತ ಅಳಿಯ ಹೇಳಿದರು. ಟ್ರಾಲಿ ಪಾರ್ಕ್ ಅಂದರೆ ಏನು? ಆ ಪಾರ್ಕ್ ಯಾಕೆ ಹೋಯಿತು? ಮುಂದಿನ ಸಲ ಆ ಊರಿಗೆ ಹೋದರೆ ನೋಡುವಂಥದ್ದು ಏನಾದರೂ ಉಳಿದಿದೆಯಾ? — ಹಾಸನದ ಒಬ್ಬ ನಿವೃತ್ತ ಶಿಕ್ಷಕಿ

ಉತ್ತರ: ಮೇಡಂ, ನಿಮ್ಮ ಮೊಮ್ಮಗಳು ಕೂತ ಆ ಕುದುರೆಗೆ ನೂರು ವರ್ಷ ದಾಟಿದೆ. ಅದನ್ನು ಮಾಡಿದ್ದು 1922ರಲ್ಲಿ, ಫಿಲಡೆಲ್ಫಿಯಾ ಟೊಬಾಗನ್ ಕಂಪನಿ. ಅವರ ಲೆಕ್ಕದಲ್ಲಿ ಅದು 61ನೇ ನಂಬರಿನ ಮೆರ್ರಿ-ಗೋ-ರೌಂಡ್. 48 ಮರದ ಕುದುರೆ, ಕೂತು ಹೋಗುವುದಕ್ಕೆ 2 ರಥ. 1984ರವರೆಗೆ ಅದು ತಿರುಗಿದ್ದೆಲ್ಲ ಐಡೋರಾ ಪಾರ್ಕ್‌ನಲ್ಲೇ. ಆ ಪಾರ್ಕ್ ಹೋದರೂ ಇದು ಇಡಿಯಾಗಿ ಉಳಿದು ಇವತ್ತಿಗೂ ಮಕ್ಕಳನ್ನು ಕೂರಿಸಿಕೊಂಡು ತಿರುಗುತ್ತಿದೆ.

ಮೊದಲು ಹೆಸರಿನ ವಿಷಯ. ಟ್ರಾಲಿ ಅಂದರೆ ನಮಗೆ ವಿಮಾನ ನಿಲ್ದಾಣದಲ್ಲಿ ಸೂಟ್‌ಕೇಸ್ ಇಟ್ಟು ತಳ್ಳುವ ಗಾಡಿ. ಅಮೆರಿಕದವರು ಟ್ರಾಲಿ ಅನ್ನುತ್ತಿದ್ದದ್ದು ಟ್ರಾಮ್‌ಗೆ. ಟ್ರಾಮ್ ನೆತ್ತಿಯ ಮೇಲೆ ಒಂದು ಉದ್ದನೆಯ ಕೋಲು ಇರುತ್ತಿತ್ತು. ಅದರ ತುದಿಯಲ್ಲಿ ಒಂದು ಪುಟ್ಟ ಚಕ್ರ. ಮೇಲಿನ ಕರೆಂಟ್ ತಂತಿಗೆ ತಾಗಿಕೊಂಡು ಓಡುತ್ತಿದ್ದ ಆ ಚಕ್ರದ ಹೆಸರು ಟ್ರಾಲಿ. ಚಕ್ರದ ಹೆಸರೇ ಇಡೀ ಗಾಡಿಗೆ ಬಂತು. ಆ ಗಾಡಿ ಓಡಿಸುವ ಕಂಪನಿಗಳು ತಮ್ಮ ಹಳಿಯ ಪಕ್ಕ, ಹೆಚ್ಚಾಗಿ ಹಳಿಯ ಕೊನೆಯಲ್ಲಿ, ಕಟ್ಟಿದ ಪಾರ್ಕ್‌ಗೆ ಟ್ರಾಲಿ ಪಾರ್ಕ್ ಅನ್ನುವ ಹೆಸರು ಬಿತ್ತು.

ಟ್ರಾಮ್ ಕಂಪನಿಗೆ ಪಾರ್ಕ್ ಯಾಕೆ ಬೇಕಿತ್ತು? ಇಡೀ ಕಥೆಯ ಬೇರು ಇಲ್ಲೇ ಇದೆ. 1888ರಲ್ಲಿ ವರ್ಜೀನಿಯಾದ ರಿಚ್ಮಂಡ್ ಊರಿನಲ್ಲಿ ಫ್ರಾಂಕ್ ಸ್ಪ್ರೇಗ್ ಅನ್ನುವ ಎಂಜಿನಿಯರ್ ವಿದ್ಯುತ್ ಟ್ರಾಮ್ ಓಡಿಸಿ ತೋರಿಸಿದರು. ಅಲ್ಲಿಯವರೆಗೆ ಟ್ರಾಮ್ ಎಳೆಯುತ್ತಿದ್ದದ್ದು ಹೆಚ್ಚಾಗಿ ಕುದುರೆ. ಕುದುರೆ ದಣಿಯುತ್ತದೆ, ಏರಿನಲ್ಲಿ ನಿಲ್ಲುತ್ತದೆ, ಹುಲ್ಲು ಹುರುಳಿ ಹಾಕಬೇಕು. ವಿದ್ಯುತ್ತಿಗೆ ಆ ತಾಪತ್ರಯ ಇಲ್ಲ. ಹತ್ತು ಹನ್ನೆರಡು ವರ್ಷದಲ್ಲಿ ಅಮೆರಿಕದ ಊರೂರಿಗೂ ವಿದ್ಯುತ್ ಟ್ರಾಮ್ ಬಂತು.

ಆದರೆ ಕಂಪನಿಗಳಿಗೆ ಬೇರೆ ತಲೆನೋವು ಶುರುವಾಯಿತು. ಸೋಮವಾರದಿಂದ ಶನಿವಾರದವರೆಗೆ ಕಾರ್ಖಾನೆಗೆ ಹೋಗುವವರು, ಅಂಗಡಿಗೆ ಹೋಗುವವರು ಗಾಡಿ ತುಂಬುತ್ತಿದ್ದರು. ಭಾನುವಾರ ಗಾಡಿ ಖಾಲಿ. ಸಂಜೆ ಆದಮೇಲೂ ಖಾಲಿ. ಹಳಿಗೆ, ತಂತಿಗೆ, ಕರೆಂಟ್ ಹುಟ್ಟಿಸುವ ಯಂತ್ರಗಳಿಗೆ ದುಡ್ಡು ಸುರಿದಾಗಿದೆ. ಜನ ಹತ್ತಲಿ ಬಿಡಲಿ, ಆ ಖರ್ಚು ನಿಲ್ಲುವುದಿಲ್ಲ. ಹಾಗಾದರೆ ಭಾನುವಾರವೂ ಜನ ಟ್ರಾಮ್ ಹತ್ತಬೇಕು ಅಂದರೆ ಏನು ಮಾಡಬೇಕು? ಹೋಗುವುದಕ್ಕೆ ಒಂದು ಜಾಗ ಬೇಕು. ಆ ಜಾಗ ದೂರ ಇರಬೇಕು, ನಡೆದು ಹೋಗುವ ಹಾಗಿರಬಾರದು. ಹೋಗೋಕೊಂದು ಟಿಕೆಟ್, ಬರೋಕೊಂದು ಟಿಕೆಟ್. ಅದಕ್ಕೇ ಇಂಥ ಎಷ್ಟೋ ಪಾರ್ಕ್‌ಗಳಲ್ಲಿ ಒಳಗೆ ಹೋಗೋಕೆ ಕಾಸಿಲ್ಲ. ವ್ಯಾಪಾರ ಟ್ರಾಮಿನಲ್ಲೇ ಮುಗಿದಿರುತ್ತಿತ್ತು.

ಕರೆಂಟ್ ಅಂತೂ ಕಂಪನಿಯ ಕೈಯಲ್ಲೇ ಇತ್ತು. ಬಹಳ ಮನೆಗಳಲ್ಲಿ ಇನ್ನೂ ಸೀಮೆಎಣ್ಣೆ ದೀಪವೋ ಗ್ಯಾಸ್ ದೀಪವೋ ಇದ್ದ ಕಾಲ ಅದು. ಸಂಜೆಯಾಗುತ್ತಲೇ ಪಾರ್ಕ್ ಪೂರ್ತಿ ಬಲ್ಬುಗಳ ಸಾಲು ಹತ್ತಿಕೊಳ್ಳುವುದನ್ನು ನೋಡುವುದಕ್ಕೇ ಜನ ಬರುತ್ತಿದ್ದರು. ಬೇಸಿಗೆಗೆ ಅಂತಲೇ ಪಕ್ಕದ ಗೋಡೆ ಇಲ್ಲದ ಟ್ರಾಮ್‌ಗಳಿದ್ದವು. ಅಡ್ಡಡ್ಡ ಬೆಂಚುಗಳು. ಪಕ್ಕದಲ್ಲಿ ಉದ್ದಕ್ಕೂ ಒಂದು ಹಲಗೆಯ ಮೆಟ್ಟಿಲು. ಕಂಡಕ್ಟರ್ ಅದರ ಮೇಲೆ ಸರಿದಾಡುತ್ತಾ, ಒಂದು ಕೈಯಲ್ಲಿ ಕಂಬಿ ಹಿಡಿದು, ಇನ್ನೊಂದು ಕೈಯಲ್ಲಿ ಕಾಸು ತಗೊಳ್ಳುತ್ತಿದ್ದ. ಸೆಕೆಯ ದಿನ ಮುಖಕ್ಕೆ ಗಾಳಿ ಹೊಡೆಸಿಕೊಂಡು ಹೋಗುವ ಆ ಪ್ರಯಾಣವೇ ಅರ್ಧ ಮಜಾ.

ಈಗ ಯಂಗ್ಸ್‌ಟೌನ್‌ಗೆ ಬರೋಣ. ಕ್ಲೀವ್‌ಲ್ಯಾಂಡ್‌ಗೂ ಪಿಟ್ಸ್‌ಬರ್ಗ್‌ಗೂ ಹೆಚ್ಚುಕಡಿಮೆ ನಟ್ಟನಡುವೆ, ಮಹೋನಿಂಗ್ ನದಿಯ ಮೇಲಿರುವ ಉಕ್ಕಿನ ಊರು ಅದು. ನದಿಯ ಉದ್ದಕ್ಕೂ ಕುಲುಮೆಗಳು. ನದಿಯ ದಕ್ಷಿಣಕ್ಕೆ ಗುಡ್ಡದ ಮೇಲೆ ಬೇಕಾದಷ್ಟು ಖಾಲಿ ಜಾಗ ಇತ್ತು, ಆದರೆ ಹತ್ತಿ ಹೋಗುವುದು ಕಷ್ಟ. 1899ರಲ್ಲಿ ಕಣಿವೆಗೆ ಅಡ್ಡವಾಗಿ ಮಾರ್ಕೆಟ್ ಸ್ಟ್ರೀಟ್ ಸೇತುವೆ ತೆರೆಯಿತು. ಅದೇ ವರ್ಷ ಮೇ 30ಕ್ಕೆ ಪಾರ್ಕ್ ಅಂಡ್ ಫಾಲ್ಸ್ ಸ್ಟ್ರೀಟ್ ರೈಲ್ವೆ ಕಂಪನಿ ದಕ್ಷಿಣದ ತನ್ನ ಹಳಿಯ ಕೊನೆಯಲ್ಲಿ ಒಂದು ಪಾರ್ಕ್ ತೆರೆಯಿತು. ಶುರುವಿನಲ್ಲಿ ಅದರ ಹೆಸರು ಟರ್ಮಿನಲ್ ಪಾರ್ಕ್. ಅಂದರೆ ‘ಕೊನೇ ಸ್ಟಾಪ್ ಪಾರ್ಕ್’ ಅಂದ ಹಾಗೆ. ಈ ಹೆಸರು ನನಗೆ ಬಹಳ ಇಷ್ಟ. ಯಾಕೆ ಕಟ್ಟಿದೆವು ಅನ್ನುವುದನ್ನು ಮುಚ್ಚುಮರೆ ಇಲ್ಲದೆ ಹೇಳುತ್ತದೆ. ಆಮೇಲೆ ಅದು ಐಡೋರಾ ಆಯಿತು.

ಹೋಗುವ ದಾರಿಯಲ್ಲಿ, ಸುತ್ತಮುತ್ತಲಿನ ಖಾಲಿ ಜಾಗದಲ್ಲಿ, ಬರಬರುತ್ತಾ ಮನೆಗಳು ಎದ್ದವು. ಅಮೆರಿಕದ ಎಷ್ಟೋ ಊರುಗಳು ಹೀಗೇ ಬೆಳೆದಿವೆ. ಭಾನುವಾರ ಪಾರ್ಕ್‌ಗೆ ಬಂದವರು ಕಿಟಕಿಯಿಂದ ಸೈಟು ನೋಡಿಕೊಂಡು ಹೋಗುತ್ತಿದ್ದರು. ಕೆಲವು ವರ್ಷಕ್ಕೆ ಅಲ್ಲೇ ಮನೆ. ಇವತ್ತಿಗೂ ಆ ಬಡಾವಣೆಯನ್ನು ಐಡೋರಾ ಅಂತಲೇ ಕರೆಯುತ್ತಾರೆ.

ಪಾರ್ಕ್‌ನಲ್ಲಿ ಏನೇನಿತ್ತು? ನಾಟಕದ ಮನೆ, ಬ್ಯಾಂಡ್ ಕೂರುವ ಕಟ್ಟೆ, ಕುಣಿಯುವುದಕ್ಕೆ ದೊಡ್ಡ ಹಾಲ್, ರೋಲರ್ ಕೋಸ್ಟರ್. 1930ರ ಹೊತ್ತಿಗೆ ವೈಲ್ಡ್‌ಕ್ಯಾಟ್ ಅನ್ನುವ ಮರದ ರೋಲರ್ ಕೋಸ್ಟರ್ ಬಂತು. ಅದನ್ನು ಕಟ್ಟಿದ್ದೂ ನಿಮ್ಮ ಮೆರ್ರಿ-ಗೋ-ರೌಂಡ್ ಮಾಡಿದ ಕಂಪನಿಯೇ. ಕೊನೆಯ ದಿನದವರೆಗೂ ದೇಶದ ಒಳ್ಳೆಯ ಕೋಸ್ಟರ್‌ಗಳ ಪಟ್ಟಿಯಲ್ಲಿ ಅದರ ಹೆಸರು ಇರುತ್ತಿತ್ತು. ಆದರೆ ಯಂಗ್ಸ್‌ಟೌನ್‌ನ ಹಿರಿಯರನ್ನು ಕೇಳಿ, ಮೊದಲು ಬಾಯಿಗೆ ಬರುವುದು ಆಲೂಗಡ್ಡೆ ಫ್ರೈಸ್. ಕಾಗದದ ಪೊಟ್ಟಣದಲ್ಲಿ ಬಿಸಿಬಿಸಿ ಕೊಟ್ಟು, ಮೇಲೆ ವಿನೆಗರ್ ಚಿಮುಕಿಸುತ್ತಿದ್ದರು. ನಮ್ಮಲ್ಲಿ ಜಾತ್ರೆ ಅಂದರೆ ಬೆಂಡು ಬತ್ತಾಸು ನೆನಪಾಗುತ್ತದಲ್ವಾ, ಹಾಗೆ.

ಉಕ್ಕಿನ ಕಾರ್ಖಾನೆಯ ಕೆಲಸಕ್ಕೆ ಇಟಲಿ, ಪೋಲೆಂಡ್, ಸ್ಲೊವಾಕಿಯಾ ಕಡೆಯಿಂದೆಲ್ಲ ಜನ ಬಂದು ನೆಲೆಸಿದ್ದರು. ಒಂದೊಂದು ನಾಡಿನವರಿಗೆ ಪಾರ್ಕ್‌ನಲ್ಲಿ ಒಂದೊಂದು ದಿನ ಅಂತ ಹಬ್ಬ ನಡೆಯುತ್ತಿತ್ತು. ಕಂಪನಿಗಳವರದ್ದು ಒಂದು ದಿನ, ಶಾಲೆಗಳದ್ದು ಒಂದು ದಿನ. ಭಾನುವಾರದ ಖಾಲಿ ಟ್ರಾಮ್ ತುಂಬಿಸೋಕೆ ಅಂತ ಹೂಡಿದ ಉಪಾಯವನ್ನು ಜನ ತಮ್ಮ ಊರ ಜಾತ್ರೆ ಮಾಡಿಕೊಂಡಿದ್ದರು.

ಇಲ್ಲಿ ಒಂದು ಮಾತು ಹೇಳದೆ ಮುಂದೆ ಹೋದರೆ ತಪ್ಪಾಗುತ್ತದೆ. ಆ ಜಾತ್ರೆ ಎಲ್ಲರದ್ದೂ ಆಗಿರಲಿಲ್ಲ. ಅಮೆರಿಕದ ಬಹಳಷ್ಟು ಟ್ರಾಲಿ ಪಾರ್ಕ್‌ಗಳಲ್ಲಿ ಕಪ್ಪು ಜನರನ್ನು ಒಳಗೆ ಬಿಡುತ್ತಲೇ ಇರಲಿಲ್ಲ, ಇಲ್ಲವೇ ಇಂಥ ದಿನ ಮಾತ್ರ ಬನ್ನಿ ಅನ್ನುತ್ತಿದ್ದರು. ಈಜುಕೊಳ, ಕುಣಿತದ ಹಾಲ್ ಅಂತೂ ಇನ್ನೂ ಬಿಗಿ. ಕಪ್ಪು ಬಿಳಿ ಮಕ್ಕಳು ಒಂದೇ ನೀರಿಗೆ ಇಳಿಯುವುದು ಬೇಡ ಅಂತ ಕೊಳವನ್ನೇ ಮುಚ್ಚಿದ ಊರುಗಳು ಎಷ್ಟೋ ಇವೆ. ವಾಷಿಂಗ್ಟನ್ ಪಕ್ಕದಲ್ಲೇ ಗ್ಲೆನ್ ಎಕೋ ಅನ್ನುವ ಟ್ರಾಲಿ ಪಾರ್ಕ್ ಇತ್ತು. 1960ರ ಜೂನ್ 30ರಂದು ಹೋವರ್ಡ್ ವಿಶ್ವವಿದ್ಯಾಲಯದ ಕೆಲವು ಕಪ್ಪು ವಿದ್ಯಾರ್ಥಿಗಳು ಟಿಕೆಟ್ ಹಿಡಿದು ಅಲ್ಲಿನ ಮೆರ್ರಿ-ಗೋ-ರೌಂಡ್ ಹತ್ತಿ ಕೂತರು. ಇಳಿಯಿರಿ ಅಂದರೂ ಇಳಿಯಲಿಲ್ಲ. ಐವರನ್ನು ಬಂಧಿಸಿದರು. ಆ ಬೇಸಿಗೆ ಪೂರ್ತಿ ಗೇಟಿನ ಮುಂದೆ ಪ್ರತಿಭಟನೆ ನಡೆಯಿತು. ಸುತ್ತಲಿನ ಬಿಳಿ ಸಂಸಾರಗಳೂ ಬಂದು ಜೊತೆ ನಿಂತವು. 1961ರಲ್ಲಿ ಪಾರ್ಕ್ ಎಲ್ಲರಿಗೂ ತೆರೆಯಿತು. ಆ ಐವರ ಮೇಲಿನ ಶಿಕ್ಷೆಯನ್ನು ಸುಪ್ರೀಂ ಕೋರ್ಟ್ 1964ರಲ್ಲಿ ರದ್ದು ಮಾಡಿತು. ಗ್ಲೆನ್ ಎಕೋ 1968ರಲ್ಲಿ ಮುಚ್ಚಿಹೋಯಿತು. ಅಲ್ಲೂ ಉಳಿದದ್ದು ಅದೇ ಮೆರ್ರಿ-ಗೋ-ರೌಂಡ್, ಇವತ್ತಿಗೂ ತಿರುಗುತ್ತದೆ. ಮರದ ಕುದುರೆಯ ಮೇಲೆ ಕೂರುವುದಕ್ಕೂ ಜೈಲಿಗೆ ಹೋಗಬೇಕಾಗಿತ್ತು ಅನ್ನುವುದನ್ನು ನೆನೆದರೆ ನನಗೆ ಈಗಲೂ ಹೊಟ್ಟೆ ತೊಳಸುತ್ತದೆ.

ಇನ್ನು ಐಡೋರಾ ಯಾಕೆ ಹೋಯಿತು ಅನ್ನುವುದು. ಯಾರನ್ನು ಕೇಳಿದರೂ ‘ಬೆಂಕಿ ಬಿತ್ತು’ ಅನ್ನುತ್ತಾರೆ. ಬೆಂಕಿ ಬಿದ್ದದ್ದು ನಿಜ. 1984ರ ಏಪ್ರಿಲ್ 26. ಬೇಸಿಗೆಯ ಸೀಸನ್ ಶುರುವಾಗುವ ಮುಂಚೆ ರಿಪೇರಿ ನಡೆಯುತ್ತಿತ್ತು. ಲಾಸ್ಟ್ ರಿವರ್ ಅಂತ ದೋಣಿಯಲ್ಲಿ ಕೂತು ಕತ್ತಲೆಯೊಳಗೆ ಹೋಗುವ ಆಟ ಇತ್ತು. ಅಲ್ಲಿ ವೆಲ್ಡಿಂಗ್ ಕಿಡಿ ಒಣಮರಕ್ಕೆ ತಗುಲಿತು. ಗಾಳಿ ಬೇರೆ. ಲಾಸ್ಟ್ ರಿವರ್ ಹೋಯಿತು, ವೈಲ್ಡ್‌ಕ್ಯಾಟ್‌ನ ಒಂದು ಭಾಗ ಹೋಯಿತು, ಕಚೇರಿ ಹೋಯಿತು, ಒಂದಷ್ಟು ಅಂಗಡಿಗಳು ಹೋದವು. ಮೆರ್ರಿ-ಗೋ-ರೌಂಡ್‌ಗೆ ಬೆಂಕಿ ತಾಗಲಿಲ್ಲ. ಆ ಬೇಸಿಗೆ ಉಳಿದಷ್ಟರಲ್ಲೇ ಪಾರ್ಕ್ ನಡೆಯಿತು. ಸೆಪ್ಟೆಂಬರ್‌ನಲ್ಲಿ ಬಾಗಿಲು ಹಾಕಿದ್ದು ಮತ್ತೆ ತೆಗೆಯಲಿಲ್ಲ.

ಆದರೆ ಬೆಂಕಿಗೆ ಮುಂಚೆಯೇ ಮಾಲೀಕರು ಪಾರ್ಕನ್ನು ಮಾರಾಟಕ್ಕೆ ಇಟ್ಟಿದ್ದರು. ಹಾಗಾಗಿ ಬೆಂಕಿಯೇ ಕಾರಣ ಅಂದರೆ ನಾನು ಒಪ್ಪುವುದಿಲ್ಲ. ಪಾರ್ಕ್‌ನ ಮೊದಲ ಬುಡ ಅಲುಗಿದ್ದು ಕಾರು ಬಂದಾಗ. 1925ರ ಹೊತ್ತಿಗೆ ಫೋರ್ಡ್ ಮಾಡೆಲ್ ಟಿ ಕಾರು 300 ಡಾಲರ್‌ಗಿಂತ ಕಡಿಮೆಗೆ ಸಿಗುತ್ತಿತ್ತು. ಕಾರಿದ್ದವನಿಗೆ ಹಳಿ ಮುಗಿಯುವ ಕಡೆಯೇ ಇಳಿಯಬೇಕು ಅಂತ ಏನಿದೆ? ಅವನು ಕೆರೆಗೆ ಹೋಗುತ್ತಾನೆ, ಬೇರೆ ಊರಿಗೆ ಹೋಗುತ್ತಾನೆ. ಟ್ರಾಮ್ ಕಂಪನಿಗಳಿಗೆ ಪಾರ್ಕ್ ಲಾಭದ ಬದಲು ಹೊರೆಯಾಯಿತು. ಒಂದೊಂದಾಗಿ ಕೈಬಿಟ್ಟರು. 1929ರ ಆರ್ಥಿಕ ಕುಸಿತ ಬಂದಾಗ ನೂರಾರು ಪಾರ್ಕ್‌ಗಳು ಮುಚ್ಚಿದವು. ಐಡೋರಾ ಖಾಸಗಿ ಮಾಲೀಕರ ಕೈಗೆ ಹೋಗಿ ಉಳಿದುಕೊಂಡಿತು. ಟ್ರಾಮ್ ನಿಂತ ಮೇಲೂ ಅದು ಇಷ್ಟು ವರ್ಷ ನಡೆದದ್ದು ಊರಿನ ಜನರ ಪ್ರೀತಿಯಿಂದ, ಊರಿನ ಉಕ್ಕಿನ ಸಂಬಳದಿಂದ.

ಆ ಸಂಬಳವೇ ಒಂದು ದಿನ ನಿಂತಿತು. 1977ರ ಸೆಪ್ಟೆಂಬರ್ 19, ಸೋಮವಾರ. ಯಂಗ್ಸ್‌ಟೌನ್ ಶೀಟ್ ಅಂಡ್ ಟ್ಯೂಬ್ ಕಂಪನಿ ತನ್ನ ಕ್ಯಾಂಬೆಲ್ ಕಾರ್ಖಾನೆ ಮುಚ್ಚುವುದಾಗಿ ಹೇಳಿತು. ಸುಮಾರು 5,000 ಜನರ ಕೆಲಸ ಒಂದೇ ಏಟಿಗೆ ಹೋಯಿತು. ಊರವರು ಅದನ್ನು ಬ್ಲ್ಯಾಕ್ ಮಂಡೇ ಅಂತಲೇ ಕರೆಯುತ್ತಾರೆ. ಮುಂದಿನ ವರ್ಷಗಳಲ್ಲಿ ಉಳಿದ ಕಾರ್ಖಾನೆಗಳೂ ಸಾಲಾಗಿ ಮುಚ್ಚಿದವು. 1930ರಲ್ಲಿ 1,70,000 ಇದ್ದ ಜನಸಂಖ್ಯೆ 2020ರಲ್ಲಿ 60,000ದಷ್ಟಕ್ಕೆ ಬಂದಿದೆ. ಸಂಬಳದ ದಿನ ಮಕ್ಕಳನ್ನು ಕರೆದುಕೊಂಡು ಬರುತ್ತಿದ್ದ ಅಪ್ಪಂದಿರು ಕೆಲಸ ಹುಡುಕಿಕೊಂಡು ಊರು ಬಿಟ್ಟಿದ್ದರು. ಪಾರ್ಕ್ ಯಾರಿಗಾಗಿ ನಡೆಯಬೇಕು?

ಪಿಟ್ಸ್‌ಬರ್ಗ್ ಪಕ್ಕದ ಕೆನ್ನಿವುಡ್ ಅನ್ನುವ ಟ್ರಾಲಿ ಪಾರ್ಕ್ ಯಾಕೆ ಉಳಿಯಿತು ಅಂತ ಇಲ್ಲಿ ಯಾರಾದರೂ ಕೇಳಬಹುದು, ಕೇಳಬೇಕಾದ ಪ್ರಶ್ನೆಯೇ. ಅದನ್ನೂ 1898ರಲ್ಲಿ ಟ್ರಾಮ್ ಕಂಪನಿಯೇ ಶುರು ಮಾಡಿದ್ದು. ಪಿಟ್ಸ್‌ಬರ್ಗ್ ಕೂಡ ಉಕ್ಕಿನ ಊರು, ಅಲ್ಲೂ ಕಾರ್ಖಾನೆಗಳು ಮುಚ್ಚಿದವು. ಆದರೆ ಪಿಟ್ಸ್‌ಬರ್ಗ್ ದೊಡ್ಡ ಊರು. ಉಕ್ಕು ಹೋದರೂ ಆಸ್ಪತ್ರೆ, ವಿಶ್ವವಿದ್ಯಾಲಯ, ಬ್ಯಾಂಕು ಇದ್ದವು. ಸುತ್ತಲಿನ ಊರುಗಳಿಂದಲೂ ಜನ ಬರುತ್ತಿದ್ದರು. ಯಂಗ್ಸ್‌ಟೌನ್‌ಗೆ ಉಕ್ಕು ಬಿಟ್ಟರೆ ಹೇಳಿಕೊಳ್ಳುವಂಥ ಇನ್ನೊಂದು ಆಸರೆ ಇರಲಿಲ್ಲ.

ಇನ್ನು ನಿಮ್ಮ ಕುದುರೆಗಳ ಕಥೆ. 1975ರಲ್ಲೇ ಈ ಮೆರ್ರಿ-ಗೋ-ರೌಂಡ್ ಅಮೆರಿಕದ ಐತಿಹಾಸಿಕ ಸ್ಥಳಗಳ ರಾಷ್ಟ್ರೀಯ ಪಟ್ಟಿಗೆ ಸೇರಿತ್ತು. ಆ ಪಟ್ಟಿಗೆ ಸೇರಿದ ಮೊದಲ ಮೆರ್ರಿ-ಗೋ-ರೌಂಡ್ ಇದೇ. ಆದರೂ 1984ರ ಅಕ್ಟೋಬರ್‌ನಲ್ಲಿ ಪಾರ್ಕ್‌ನ ಸಾಮಾನೆಲ್ಲ ಹರಾಜಿಗೆ ಬಂದಾಗ ಎಲ್ಲರಿಗೂ ಒಂದೇ ಭಯ. ಆ ಕಾಲಕ್ಕೆ ಹಳೇ ಮರದ ಕುದುರೆಗಳನ್ನು ಬಿಡಿಬಿಡಿಯಾಗಿ ಕೊಂಡು ಮನೆಯ ಹಾಲಿನಲ್ಲಿ ನಿಲ್ಲಿಸಿಕೊಳ್ಳುವ ಶ್ರೀಮಂತರು ಬಹಳ ಇದ್ದರು. ಎಷ್ಟೋ ಒಳ್ಳೆಯ ಮೆರ್ರಿ-ಗೋ-ರೌಂಡ್‌ಗಳು ಹಾಗೇ ಚೂರುಚೂರಾಗಿ ಹೋಗಿವೆ. ಇದು ಹಾಗಾಗಲಿಲ್ಲ. ನ್ಯೂಯಾರ್ಕ್‌ನ ಡೇವಿಡ್ ವಾಲೆಂಟಾಸ್, ಜೇನ್ ವಾಲೆಂಟಾಸ್ ದಂಪತಿ 3,85,000 ಡಾಲರ್ ಕೊಟ್ಟು ಇಡಿಯಾಗಿ ಕೊಂಡರು. ಡೇವಿಡ್ ಅವರು ಬ್ರೂಕ್ಲಿನ್ ದಂಡೆಯ ಹಳೇ ಗೋದಾಮುಗಳನ್ನು ಕೊಂಡು ಬೆಳೆಸುತ್ತಿದ್ದ ಬಿಲ್ಡರ್. ಜೇನ್ ಅವರು ಕಲಾವಿದೆ.

ಜೇನ್ ಮಾಡಿದ ಕೆಲಸವನ್ನು ಸ್ವಲ್ಪ ಹತ್ತಿರದಿಂದ ನೋಡಿ. ಪಾರ್ಕ್‌ನವರು ಬಣ್ಣ ಮಾಸಿದಾಗಲೆಲ್ಲ ಕುದುರೆಗಳಿಗೆ ಮೇಲೆಮೇಲೆ ಬಣ್ಣ ಬಳಿಯುತ್ತಾ ಬಂದಿದ್ದರು. 62 ವರ್ಷದ ಬಣ್ಣ. ನಮ್ಮ ಹಳೇ ಮನೆಗಳ ಬಾಗಿಲಿಗೆ ವರ್ಷವರ್ಷ ಪೇಂಟ್ ಹೊಡೆದು ಕೆತ್ತನೆಯೇ ಮುಚ್ಚಿಹೋಗಿರುತ್ತದಲ್ವಾ, ಅದೇ ತರಹ. ಕುದುರೆಯ ಕತ್ತಿನ ಕೂದಲಿನ ಎಳೆ, ಜೀನಿನ ಅಂಚು, ಲಗಾಮಿನ ಬಕಲ್ಲು ಎಲ್ಲ ದಪ್ಪ ಬಣ್ಣದಡಿ ಮೊಂಡಾಗಿದ್ದವು. ಆಕೆ ಸಣ್ಣ ಚಾಕುವಿನ ಮೊನೆಯಿಂದ ಆ ಪದರಗಳನ್ನು ಕೆರೆದು ತೆಗೆದರು. ತೀರಾ ಅಡಿಯಲ್ಲಿ 1922ರ ಮೂಲ ಬಣ್ಣ ಸಿಕ್ಕಿತು. ಯಾವ ಕುದುರೆಗೆ ಯಾವ ಬಣ್ಣ ಇತ್ತು ಅಂತ ಗುರುತು ಮಾಡಿಕೊಂಡು ಮತ್ತೆ ಅದೇ ಬಣ್ಣ ಹಚ್ಚಿದರು. ಇಷ್ಟಕ್ಕೆ ಇಪ್ಪತ್ತು ವರ್ಷಕ್ಕಿಂತ ಜಾಸ್ತಿ ಹಿಡಿಯಿತು. 2011ರ ಸೆಪ್ಟೆಂಬರ್‌ನಲ್ಲಿ, ಫ್ರೆಂಚ್ ವಾಸ್ತುಶಿಲ್ಪಿ ಜಾನ್ ನುವೆಲ್ ವಿನ್ಯಾಸ ಮಾಡಿದ ಪಾರದರ್ಶಕ ಮನೆಯೊಳಗೆ, ಅದು ಮತ್ತೆ ತಿರುಗಿತು. ಈಗ ಅದರ ಹೆಸರೇ ಜೇನ್ಸ್ ಕ್ಯಾರೊಸೆಲ್. ಮರುವರ್ಷ ಸ್ಯಾಂಡಿ ಚಂಡಮಾರುತ ಬಂದಾಗ ನದಿ ಉಕ್ಕಿ ಆ ಮನೆಯ ಸುತ್ತ ನೀರು ನಿಂತಿತ್ತು. ಕತ್ತಲಲ್ಲಿ, ನೀರಿನ ನಡುವೆ, ಒಳಗೆ ದೀಪ ಉರಿಯುತ್ತಾ ಕುದುರೆಗಳು ನಿಂತಿದ್ದ ಫೋಟೊ ಎಲ್ಲೆಡೆ ಹರಿದಾಡಿತು. ಕುದುರೆಗಳು ಉಳಿದುಕೊಂಡವು. ಜೇನ್ 2020ರಲ್ಲಿ ತೀರಿಕೊಂಡರು.

ಮುಂದಿನ ಸಲ ಮೊಮ್ಮಗಳನ್ನು ಕರೆದುಕೊಂಡು ಹೋದಾಗ ಒಂದು ವಿಷಯ ಗಮನಿಸಿ. ಅಮೆರಿಕದ ಮೆರ್ರಿ-ಗೋ-ರೌಂಡ್ ಗಡಿಯಾರದ ಮುಳ್ಳಿಗೆ ಎದುರು ದಿಕ್ಕಿನಲ್ಲಿ ತಿರುಗುತ್ತದೆ. ಹಾಗಾಗಿ ಹೊರಗೆ ನಿಂತವರಿಗೆ ಕಾಣುವುದು ಕುದುರೆಯ ಬಲಮಗ್ಗುಲು. ಕೆತ್ತುವವರು ತಮ್ಮ ಕಸುಬನ್ನೆಲ್ಲ ಸುರಿದದ್ದು ಆ ಮಗ್ಗುಲಿಗೆ. ಅದಕ್ಕೆ ‘ರೊಮ್ಯಾನ್ಸ್ ಸೈಡ್’ ಅಂತ ಅವರ ಕಸುಬಿನ ಹೆಸರು. ಎಡಮಗ್ಗುಲು ನೋಡಿದರೆ ಕೆಲಸ ಸರಳವಾಗಿರುತ್ತದೆ. ಹೊರಸಾಲಿನ ಕುದುರೆಗಳೇ ದೊಡ್ಡವು, ಅಲಂಕಾರವೂ ಅವಕ್ಕೇ ಜಾಸ್ತಿ. ಒಳಗಿನ ಸಾಲಿಗೆ ಹೋದಂತೆ ಚಿಕ್ಕದಾಗುತ್ತವೆ. ಮೊದಲು ಹೊರಗೆ ನಿಂತು ಒಂದು ಸುತ್ತು ಪೂರ್ತಿ ನೋಡಿ, ಆಮೇಲೆ ಕುದುರೆ ಆರಿಸಿಕೊಳ್ಳಿ.

ಕೊನೆಯದಾಗಿ, ಯಂಗ್ಸ್‌ಟೌನ್‌ನಲ್ಲಿ ಏನು ಉಳಿದಿದೆ? ಪಾರ್ಕ್ ಅಂತ ಹೋದರೆ ಏನೂ ಇಲ್ಲ. ಜಾಗವನ್ನು 1985ರಲ್ಲಿ ಒಂದು ಚರ್ಚ್ ಕೊಂಡಿತು, ಅಂದುಕೊಂಡಿದ್ದನ್ನು ಅವರಿಗೂ ಕಟ್ಟಲಾಗಲಿಲ್ಲ. ಕುಣಿತದ ಹಾಲ್ 2001ರಲ್ಲಿ ಸುಟ್ಟುಹೋಯಿತು. ಗಿಡ ಬಳ್ಳಿ ಹಬ್ಬಿ ನಿಂತಿದ್ದ ವೈಲ್ಡ್‌ಕ್ಯಾಟ್‌ನ ಅಸ್ಥಿಪಂಜರವನ್ನೂ ಅದೇ ವರ್ಷ ಕೆಡವಿದರು. ಅದನ್ನೇ ನೋಡಬೇಕು ಅಂತ ಅಷ್ಟು ದೂರ ಹೋಗಬೇಡಿ, ಬೇಜಾರಾಗುತ್ತದೆ.

ಆದರೂ ಹೋಗುವುದಾದರೆ ದಾರಿ ಸುಲಭ. ನ್ಯೂಜೆರ್ಸಿಯಲ್ಲೇ ಶುರುವಾಗುವ ಐ-80 ಹೆದ್ದಾರಿ ಹಿಡಿದರೆ ಅದು ಸೀದಾ ಯಂಗ್ಸ್‌ಟೌನ್ ಪಕ್ಕಕ್ಕೇ ಹೋಗುತ್ತದೆ. ಕಾರಿನಲ್ಲಿ ಆರೇಳು ಗಂಟೆ. ಊರಿನ ಮಧ್ಯೆ ಉಕ್ಕಿನ ಕಾರ್ಖಾನೆ ಮತ್ತು ಕಾರ್ಮಿಕರ ಮ್ಯೂಸಿಯಂ ಇದೆ. ಮೊದಲು ಅದನ್ನು ನೋಡಿ, ಪಾರ್ಕ್‌ಗೆ ಬರುತ್ತಿದ್ದವರು ವಾರವೆಲ್ಲ ಎಂಥ ಬಿಸಿಯಲ್ಲಿ ಬೇಯುತ್ತಿದ್ದರು ಅಂತ ಗೊತ್ತಾಗುತ್ತದೆ. ಆಮೇಲೆ ಮಿಲ್ ಕ್ರೀಕ್ ಪಾರ್ಕ್‌ಗೆ ಹೋಗಿ. ಅದು 1891ರಲ್ಲಿ ವೋಲ್ನಿ ರಾಜರ್ಸ್ ಅನ್ನುವ ವಕೀಲರು ಹಟ ಹಿಡಿದು ಉಳಿಸಿದ ಕಾಡು, ತೊರೆ. ಅದರೊಳಗೆ ಲ್ಯಾಂಟರ್ಮನ್ಸ್ ಮಿಲ್ ಅಂತ 1840ರ ದಶಕದ ಹಿಟ್ಟಿನ ಗಿರಣಿ ಇದೆ, ದುರಸ್ತಿ ಮಾಡಿ ಈಗಲೂ ಓಡಿಸಿ ತೋರಿಸುತ್ತಾರೆ. ಅದರ ಪಕ್ಕದಲ್ಲೇ ಒಂದು ಸಣ್ಣ ಜಲಪಾತ. ಟ್ರಾಮ್ ಕಂಪನಿಯ ಹೆಸರಿನಲ್ಲಿ ಪಾರ್ಕ್ ಜೊತೆಗಿದ್ದ ‘ಫಾಲ್ಸ್’ ಅದೇ. ಐಡೋರಾ ಇದ್ದ ಖಾಲಿ ಜಾಗ ಅಲ್ಲಿಂದ ಮೇಲೆ, ಹತ್ತಿರದಲ್ಲೇ. ಗಿರಣಿ ನೋಡಿದ ಮೇಲೆ ಹೊತ್ತಿದ್ದರೆ ಕ್ಯಾನ್‌ಫೀಲ್ಡ್ ರಸ್ತೆಯಲ್ಲಿ ಒಂದಿಷ್ಟು ಮೇಲಕ್ಕೆ ನಡೆದುಹೋಗಿ. ಮೊಮ್ಮಗಳಿಗೆ ಹೇಳಿ, ಅವಳ ಕುದುರೆ ಮೊದಲು ಇಲ್ಲಿತ್ತು ಅಂತ.